ಲಿಚೆಸ್ ಓಪನಿಂಗ್ ಎಕ್ಸ್‌ಪ್ಲೋರರ್: ಒಂದೇ ಓಪನಿಂಗ್ ಆಡೋರಿಗೆ ತುಂಬಾ ಉಪಯೋಗ

ಚೆಸ್‌ನಲ್ಲಿ ಎರಡು ವರ್ಷದಿಂದ ಬಿಳಿ ಕಾಯಿ ಸಿಕ್ಕಾಗೆಲ್ಲ ನಾನು ಆಡೋ ಓಪನಿಂಗ್ (ಆಟದ ಶುರುವಿನ ಮೂವ್‌ಗಳು) ಲಂಡನ್ ಸಿಸ್ಟಮ್ ಒಂದೇ. ಪಾನ್ ಡಿ4 ಮನೆಗೆ, ಆಮೇಲೆ ಬಿಷಪ್ ಎಫ್4, ಪಾನ್‌ಗಳು ಇ3, ಸಿ3, ಎದುರಿಗಿರೋರು ಏನೇ ಆಡ್ಲಿ ನಮ್ಮ ಕಾಯಿಗಳು ಹೆಚ್ಚುಕಮ್ಮಿ ಅದೇ ಜಾಗಕ್ಕೆ ಹೋಗಿ ಕೂರ್ತವೆ, ಕೆಲಸ ಮುಗಿಸಿ ಬಂದು ರಾತ್ರಿ ಎರಡು ರ‍್ಯಾಪಿಡ್ ಗೇಮ್ ಆಡೋರಿಗೆ ಬಹಳ ಅನುಕೂಲ. ಆದ್ರೆ ಈ ವರ್ಷ ರೇಟಿಂಗ್ 1500ರ ಹತ್ರ ನಿಂತುಬಿಡ್ತು. ಓಪನಿಂಗೇ ಸರಿ ಇಲ್ಲ ಅಂದ್ಕೊಂಡು ಒಂದು ಕಡೆ ದುಡ್ಡು ಕೊಟ್ಟು ಇ4 ಕೋರ್ಸ್ ತಗೊಂಡೆ. ಸಿಸಿಲಿಯನ್‌ಗೆ ಬೇರೆ, ಫ್ರೆಂಚ್‌ಗೆ ಬೇರೆ, ಕಾರೋಕಾನ್‌ಗೆ ಬೇರೆ ಅಂತ ಕರಿ ಕಾಯಿಯವರ ಒಂದೊಂದು ಉತ್ತರಕ್ಕೂ ಬಾಯಿಪಾಠ ಮಾಡೋದೇ ಆಯ್ತು, ಹತ್ತನೇ ಮೂವ್ ಆದ್ಮೇಲೆ ಏನ್ ಮಾಡ್ಬೇಕು ಅನ್ನೋದು ಅದರಲ್ಲಿ ಇರ್ಲೇ ಇಲ್ಲ. ಒಂದೇ ತಿಂಗಳಲ್ಲಿ ಆ ಕೋರ್ಸ್ ಬಿಟ್ಟೆ.

ಅದಾದ್ಮೇಲೆ ಲಿಚೆಸ್‌ನ ಎಕ್ಸ್‌ಪ್ಲೋರರ್ ಸರಿಯಾಗಿ ನೋಡೋಕೆ ಶುರು ಮಾಡ್ದೆ. ಲಿಚೆಸ್ ಅನ್ನೋದು ಆನ್‌ಲೈನ್ ಚೆಸ್ ಸೈಟ್, ಪೂರ್ತಿ ಫ್ರೀ, ಜಾಹೀರಾತಿಲ್ಲ, ಜನ ಕೊಡೋ ದೇಣಿಗೆಯಿಂದ ನಡೆಯತ್ತೆ. ಅನಾಲಿಸಿಸ್ ಬೋರ್ಡ್‌ನಲ್ಲಿ ಪುಸ್ತಕದ ಗುರುತು ಒತ್ತಿದ್ರೆ ಎಕ್ಸ್‌ಪ್ಲೋರರ್ ತೆರ್ಕೊಳ್ಳತ್ತೆ, ಆ ಜಾಗದಲ್ಲಿ ಜನ ಯಾವ ಮೂವ್ ಆಡಿದ್ರು, ಎಷ್ಟು ಗೆದ್ರು ಅಂತ ತೋರಿಸತ್ತೆ. ದೊಡ್ಡ ಆಟಗಾರರ ಗೇಮ್ ಒಂದು ಕಡೆ (ಇದು ಮಾಸ್ಟರ್ಸ್), ಲಿಚೆಸ್‌ನಲ್ಲಿ ಎಲ್ಲರೂ ಆಡಿದ್ದು ಇನ್ನೊಂದು ಕಡೆ (ಇದನ್ನ ರೇಟಿಂಗ್ ಪ್ರಕಾರ ಸೋಸ್ಬಹುದು), ಮೂರನೇದು ಪ್ಲೇಯರ್, ಅಲ್ಲಿ ಯೂಸರ್‌ನೇಮ್ ಹಾಕಿದ್ರೆ ಆ ಒಬ್ಬರ ಗೇಮ್ ಮಾತ್ರ. ನನಗೆ ಕಣ್ಣು ತೆರೆಸಿದ್ದು ಈ ಮೂರನೇದು.

ನನ್ನ ಹೆಸರು ಹಾಕಿ ಒಂದೊಂದೇ ಮೂವ್ ಒತ್ತುತ್ತಾ ಹೋದೆ. ಲಂಡನ್‌ನಲ್ಲಿ ಒಟ್ಟಾರೆ ಗೆದ್ದಿದ್ದೇ ಜಾಸ್ತಿ! ಸೋತಿದ್ದೆಲ್ಲ ಹೆಚ್ಚಾಗಿ ಒಂದೇ ಕಡೆ, ಕರಿ ಕಾಯಿಯವರು ಬೇಗ ಸಿ5 ತಳ್ಳಿ ಕ್ವೀನ್‌ನ ಬಿ6ಗೆ ತಂದು ಬಿ2 ಪಾನ್ ಮೇಲೆ ಕಣ್ಣು ಹಾಕ್ದಾಗ. ನಾನು ಪ್ರತಿ ಸಲ ಗಾಬರಿಯಾಗಿ ಬಿ2 ಕಾಯೋಕೆ ಹೋಗ್ತಿದ್ದೆ, ಆಮೇಲೆ ಇಡೀ ಗೇಮ್ ಅವರು ಹೇಳ್ದಂಗೆ. ಮಾಸ್ಟರ್ಸ್‌ನಲ್ಲಿ ಅದೇ ಜಾಗ ನೋಡಿದ್ರೆ ಕುದುರೆ ಸಿ3ಗೆ ಬರತ್ತೆ. ಬಿಳಿ, ಕರಿ ಅಂತ ಜೋಡಿಯಾಗಿ ಹೇಳೋದಾದ್ರೆ ಡಿ4 ಕುದುರೆ ಎಫ್6, ಬಿಷಪ್ ಎಫ್4 ಸಿ5, ಇ3 ಕ್ವೀನ್ ಬಿ6, ಈಗ ಕುದುರೆ ಸಿ3. ಅವರು ಬಿ2 ತಿಂದ್ರೆ ಕುದುರೆ ಬಿ5ಗೆ ಹಾರತ್ತೆ, ಮುಂದೆ ಸಿ7ನಲ್ಲಿ ಚೆಕ್ ಕೊಟ್ಟು ಮೂಲೇಲಿರೋ ಆನೆನೂ ಹೊಡೆಯೋ ಬೆದರಿಕೆ. ಎರಡು ವರ್ಷ ಬಿಟ್ಟುಕೊಟ್ಟ ಗೇಮ್‌ಗಳೆಲ್ಲ ನೆನಪಾಗಿ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಒಂದೇ ಓಪನಿಂಗ್‌ಗೆ ಅಂಟ್ಕೊಬಾರ್ದು ಅನ್ನೋರು ಅಮೆರಿಕದ ಚಾಂಪಿಯನ್ ಬಾಬಿ ಫಿಷರ್ ಹೆಸರು ಹೇಳ್ತಾರೆ. ಹೌದು, ಹೆಚ್ಚುಕಮ್ಮಿ ಯಾವಾಗ್ಲೂ ಇ4 ಆಡ್ತಿದ್ದೋನು 1972ರಲ್ಲಿ ರೇಕ್ಯಾವಿಕ್‌ನ ವಿಶ್ವ ಚಾಂಪಿಯನ್‌ಶಿಪ್ ಮ್ಯಾಚಿನ 6ನೇ ಗೇಮ್‌ನಲ್ಲಿ ಸಿ4 ಆಡಿ ಗೆದ್ದ, ಎದುರಾಳಿ ಸ್ಪಾಸ್ಕಿನೇ ಚಪ್ಪಾಳೆ ತಟ್ಟಿದ್ರು. 2008ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ನಮ್ಮ ಆನಂದ್ ಕೂಡ ರಷ್ಯಾದ ಕ್ರಾಮ್ನಿಕ್ ಮೇಲೆ ಡಿ4ಗೆ ಬಂದು ಮ್ಯಾಚ್ ಗೆದ್ರು. ಆದ್ರೆ ಅವರ ಎದುರಿಗೆ ಇದ್ದೋರು ತಿಂಗಳುಗಟ್ಟಲೆ ಅವರಿಗೋಸ್ಕರವೇ ತಯಾರಿ ಮಾಡಿದ್ರು, ಆನ್‌ಲೈನ್‌ನಲ್ಲಿ ನನಗೆ ಸಿಗೋರಿಗೆ ನಾನ್ಯಾರು ಅಂತ್ಲೇ ಗೊತ್ತಿಲ್ಲ. ಭಾನುವಾರದ ಟೂರ್ನಮೆಂಟ್ ಕಥೆ ಬೇರೆ, ಅಲ್ಲಿ ಪದೇಪದೇ ಅದೇ ಮುಖಗಳು, ನಿಮ್ಮ ಯೂಸರ್‌ನೇಮ್ ಗೊತ್ತಿದ್ರೆ ಅವರೂ ಇದೇ ಪ್ಲೇಯರ್ ಭಾಗದಲ್ಲಿ ನಿಮ್ಮನ್ನ ಓದ್ಕೊಂಡು ಬರ್ತಾರೆ. ಅಲ್ಲಿಗೆ ಮಾತ್ರ ಎರಡನೇ ಮೂವಲ್ಲೇ ಕುದುರೆ ಸಿ3 ಆಡಿ ಆಮೇಲೆ ಬಿಷಪ್ ತರೋ ಜೊಬಾವಾ ಲಂಡನ್ ಕಲೀತಿದೀನಿ.

ಒಂದು ವಿಷಯ ಗಮನದಲ್ಲಿರ್ಲಿ, ಎಕ್ಸ್‌ಪ್ಲೋರರ್ ಎಷ್ಟು ಜನ ಗೆದ್ರು ಅಂತ ಹೇಳತ್ತೆ, ಯಾಕೆ ಗೆದ್ರು ಅಂತ ಹೇಳಲ್ಲ. ಕಡಿಮೆ ರೇಟಿಂಗ್‌ನಲ್ಲಿ ಬರೀ ಟ್ರ್ಯಾಪ್ ಇರೋ ಮೂವ್ ಕೂಡ ಚೆನ್ನಾಗಿ ಕಾಣತ್ತೆ, ಎಂಜಿನ್ (ಮೂವ್ ಸರಿನಾ ಅಂತ ಲೆಕ್ಕ ಹಾಕೋ ಕಂಪ್ಯೂಟರ್) ಪಕ್ಕದಲ್ಲಿ ಹಾಕ್ಕೊಂಡೇ ನೋಡಿ. ನನ್ನ ಕಡೆಯಿಂದ 5ಕ್ಕೆ 5. ಕರಿ ಕಾಯಿ ಗೇಮ್‌ಗಳನ್ನ ಇನ್ನೂ ನೋಡಿಲ್ಲ, ಈ ಶನಿವಾರ ಕೂತು ನೋಡ್ತೀನಿ.