ಬಿದ್ರಿ ಹೂಜಿಯ ನಾಲ್ಕು ಸೆಕೆಂಡು: ಫೋಟೋಶಾಪಾ, ಗಿಂಪಾ?

ಬೀದರಿನ ಚೌಬಾರಾ ಹತ್ತಿರ ನನ್ನದೊಂದು ಚಿಕ್ಕ ಅಂಗಡಿ. ಫ್ಲೆಕ್ಸ್, ಮದುವೆ ಆಲ್ಬಮ್, ಪಾಸ್‌ಪೋರ್ಟ್ ಫೋಟೋ, ಇಷ್ಟೇ ವ್ಯಾಪಾರ. ಹಿಂದಿನ ಗಲ್ಲಿಯಲ್ಲಿ ಬಿದ್ರಿ ಕೆಲಸ ಮಾಡುವ ಚಾಚಾ ಇದ್ದಾರೆ. ಅವರ ಮಗ ಮಾರಾಟಕ್ಕೆ ಅಂತ ವೆಬ್‌ಸೈಟ್ ಮಾಡಿಸಿದ. ಮೊದಲ ಪುಟದಲ್ಲಿ ಹೂಜಿಯೊಂದು ಕರ್ರಗಾಗುವುದು ತಾನಾಗಿ ಓಡುತ್ತಿರಬೇಕು, ಜಿಫ್ (ಮತ್ತೆ ಮತ್ತೆ ಓಡುವ ಚಿತ್ರದ ಫೈಲು) ಮಾಡಿಕೊಡು ಅಂದ.

ಬಿದ್ರಿ ಕೆಲಸ ನೋಡದವರಿಗೆ ಒಂದು ಮಾತು. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಪಾತ್ರೆಯಲ್ಲಿ ಚಿತ್ತಾರ ಕೊರೆದು ಬೆಳ್ಳಿ ಕೂರಿಸುತ್ತಾರೆ. ಉಜ್ಜಿ ನಯ ಮಾಡಿದ ಮೇಲೆ ಎಲ್ಲಾ ಒಂದೇ ಬೂದು. ಬೆಳ್ಳಿ ಯಾವುದು, ಸತು ಯಾವುದು ಅಂತ ಸುಲಭಕ್ಕೆ ಗೊತ್ತಾಗಲ್ಲ. ಆಮೇಲೆ ಪಾತ್ರೆ ಬಿಸಿ ಮಾಡಿ, ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಹಚ್ಚುತ್ತಾರೆ. ಮಣ್ಣು ತೊಳೆದರೆ ಪಾತ್ರೆ ಕಪ್ಪು, ಬೆಳ್ಳಿ ಮಾತ್ರ ಬೆಳ್ಳಗೆ. ನನಗೆ ಬೇಕಾಗಿದ್ದು ಆ ತೊಳೆಯುವ ನಾಲ್ಕು ಸೆಕೆಂಡು.

"ಬೇಟಾ, ಸರಿಯಾಗಿ ಹಿಡಕೋ. ಮಣ್ಣು ತೊಳೆಯೋದು ಒಮ್ಮೆನೇ ಆಗ್ತದ. ಮತ್ತ ಮಾಡ್ರಿ ಅಂದ್ರ ಆಗಲ್ಲ ನೋಡು" ಅಂದರು ಚಾಚಾ. ಮೊಬೈಲನ್ನು ಒಂದು ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ಕೈಯಲ್ಲಿ ಹಿಡಿಯದೇ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಆಮೇಲೆ ಗೊತ್ತಾಯಿತು.

ಅಂಗಡಿಯ ಕಂಪ್ಯೂಟರಿನಲ್ಲಿ ಫೋಟೋಶಾಪ್ ಇದೆ, ತಿಂಗಳು ತಿಂಗಳು ದುಡ್ಡು ಕಟ್ಟುತ್ತೇನೆ. ಮನೆಯ ಲ್ಯಾಪ್‌ಟಾಪಿನಲ್ಲಿ ಗಿಂಪ್, ಅದೂ ಚಿತ್ರ ತಿದ್ದುವ ಸಾಫ್ಟ್‌ವೇರೇ, ಆದರೆ ಪುಕ್ಕಟೆ. ಒಂದೇ ತುಣುಕನ್ನು ಎರಡರಲ್ಲೂ ಮಾಡಿ ನೋಡೋಣ ಅಂತ ಕೂತೆ.

ವಿಡಿಯೊ ಒಳಗೆ ತರುವ ಹೊತ್ತಿಗೇ ಫೋಟೋಶಾಪ್ ಗೆದ್ದಿತು. ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ 'ವಿಡಿಯೊ ಫ್ರೇಮ್ಸ್ ಟು ಲೇಯರ್ಸ್' ಇದೆ, ಅಂದರೆ ವಿಡಿಯೊದ ಒಂದೊಂದು ಚಿತ್ರವನ್ನೂ (ಫ್ರೇಮ್) ಒಂದರ ಮೇಲೊಂದು ಪದರವಾಗಿ (ಲೇಯರ್) ಇಡುವುದು. ಚಿಕ್ಕ ಕಿಟಕಿ ತೆರೆಯುತ್ತದೆ, ಎಲ್ಲಿಂದ ಎಲ್ಲಿಗೆ ಬೇಕು ಅಂತ ಎಳೆದು ತೋರಿಸಬಹುದು. ಅದರಲ್ಲೇ ಎಷ್ಟು ಫ್ರೇಮಿಗೆ ಒಂದು ಅಂತಲೂ ಹೇಳಬಹುದು. ಸೆಕೆಂಡಿಗೆ 30 ಫ್ರೇಮಿನಂತೆ ನಾಲ್ಕು ಸೆಕೆಂಡಿಗೆ 120. ಮೂರಕ್ಕೊಂದು ಅಂದೆ, 40 ಉಳಿಯಿತು. ಒಮ್ಮೆಗೆ 500 ಫ್ರೇಮಿಗಿಂತ ಹೆಚ್ಚು ಬರಲ್ಲ, ಆದರೆ ಅಷ್ಟು ಉದ್ದದ ಜಿಫ್ ಯಾರು ನೋಡುತ್ತಾರೆ?

ಗಿಂಪ್ ವಿಡಿಯೊ ತೆರೆಯುವುದೇ ಇಲ್ಲ. ಮೊದಲು ಬೇರೆ ಕಡೆ ಫ್ರೇಮ್ ಬಿಡಿಸಿಕೊಂಡು 'ಓಪನ್ ಆ್ಯಸ್ ಲೇಯರ್ಸ್' ಅಂತ ತರಬೇಕು. ಕಲಬುರಗಿಯಲ್ಲಿ ಓದುತ್ತಿರುವ ತಂಗಿಗೆ ಫೋನ್ ಮಾಡಿದೆ. ಎಫ್‌ಎಫ್‌ಎಂಪೆಗ್‌ನ ಒಂದು ಸಾಲಿನ ಆದೇಶ ಕಳಿಸಿದಳು; ವಿಡಿಯೊದಿಂದ ಫ್ರೇಮ್ ಬಿಡಿಸಿಕೊಡುವ ಪುಕ್ಕಟೆ ಸಾಫ್ಟ್‌ವೇರ್ ಅದು. ಅದನ್ನು ಕಾಪಿ ಮಾಡುವ ಬದಲು ನಾನೇ ಟೈಪ್ ಮಾಡಿ, ಹೆಸರಿನ ಮುಂದೆ ಸೊನ್ನೆ ಹಾಕುವುದನ್ನು ಬಿಟ್ಟೆ. ಫ್ರೇಮುಗಳು 1, 10, 11, 12, ಆಮೇಲೆ 2 ಅಂತ ಕೂತವು. ಹೂಜಿ ಕರ್ರಗಾಯಿತು, ಮತ್ತೆ ಮಣ್ಣು ಮೆತ್ತಿಕೊಂಡಿತು, ಮತ್ತೆ ಕರ್ರಗಾಯಿತು. "ಅಣ್ಣಾ, 001 ಅಂತ ಇರ್ಬೇಕಲ್ಲ" ಅಂತ ನಕ್ಕಳು. ಇನ್ನೊಂದು ಮಾತೂ ಹೇಳಿದಳು: ಫ್ರೇಮುಗಳು ಜೆಪೆಗ್ ಫೈಲಾಗಿ ಬೇಡ, ಪಿಎನ್‌ಜಿ ತೆಗಿ. ಅದು ಯಾಕೆ ಅಂತ ಆಗ ಕೇಳಲಿಲ್ಲ.

ನಿಜವಾದ ಕೆಲಸ ಬಣ್ಣದ್ದು. ಜಿಫ್ 1987ರ ಕಾಲದ್ದು, ಒಂದು ಫ್ರೇಮಿಗೆ 256 ಬಣ್ಣ, ಅದಕ್ಕಿಂತ ಜಾಸ್ತಿ ಇಲ್ಲ. ಬಿದ್ರಿಗೆ ಅಷ್ಟು ಬೇಕಾಗಿಯೂ ಇಲ್ಲ ಅಂದುಕೊಂಡೆ, ಕಪ್ಪು ಬಿಳುಪು ತಾನೆ. ಫೋಟೋಶಾಪಿನ 'ಸೇವ್ ಫಾರ್ ವೆಬ್'ನಲ್ಲಿ 64ಕ್ಕೆ ಇಳಿಸಿದೆ. ಹೂಜಿ ಹಾಗೇ ಇತ್ತು, ಚಾಚಾರ ಬೆರಳು ಮಾತ್ರ ತೇಪೆ ಹಾಕಿದ ಹಾಗೆ ಕಂಡಿತು. 128ಕ್ಕೆ ಏರಿಸಿದ ಮೇಲೆ ಬೆರಳು ಬೆರಳಾಯಿತು. ಇಲ್ಲಿ ಫೋಟೋಶಾಪಿನ ಒಂದು ಸುಖ ಹೇಳಲೇಬೇಕು. ಎರಡೋ ನಾಲ್ಕೋ ರೂಪವನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತದೆ, ಕೆಳಗೆ ಒಂದೊಂದರ ಸೈಜೂ ಬರೆದಿರುತ್ತದೆ. 'ಲಾಸಿ' (ಗುಣಮಟ್ಟ ಬಿಟ್ಟುಕೊಟ್ಟು ಸೈಜ್ ಇಳಿಸುವುದು) ಸ್ವಲ್ಪ ಏರಿಸಿದರೆ ಎಷ್ಟು ಕೆಬಿ ಉಳಿಯಿತು ಅಂತ ಅಲ್ಲೇ ಕಾಣುತ್ತದೆ. ಗಿಂಪಿನಲ್ಲಿ ಎಕ್ಸ್‌ಪೋರ್ಟ್ ಮಾಡಿ, ಫೋಲ್ಡರಿಗೆ ಹೋಗಿ, ಸೈಜ್ ನೋಡಿ, ವಾಪಸ್ ಬಂದು ಮತ್ತೆ ಶುರು ಮಾಡಬೇಕು. ಸಂಜೆ ಆರಕ್ಕೆ ಕೂತವನು ಊಟಕ್ಕೆ ಎದ್ದದ್ದು ಹತ್ತೂವರೆಗೆ.

ಆದರೆ ಬಣ್ಣ ತಗ್ಗಿಸುವಾಗ ಗಿಂಪ್ ನನಗೊಂದು ಪಾಠ ಕಲಿಸಿತು. ಇದಕ್ಕೆ ಬೇರೆ ತುಣುಕು ತಗೊಂಡಿದ್ದೆ, ಬೀದರ್ ಪಕ್ಕದ ಅಷ್ಟೂರಿನ ಗುಮ್ಮಟಗಳ ಹಿಂದೆ ಸೂರ್ಯ ಮುಳುಗುವುದು. ಆಕಾಶ ನಿಧಾನಕ್ಕೆ ಬಣ್ಣ ಬದಲಿಸುತ್ತದಲ್ಲ, ಜಿಫ್‌ನಲ್ಲಿ ಅದು ಪಟ್ಟಿ ಪಟ್ಟಿಯಾಗುತ್ತದೆ. ಪಟ್ಟಿ ಮುಚ್ಚಲು ಬಣ್ಣದ ಚುಕ್ಕಿ ಚೆಲ್ಲುವುದಕ್ಕೆ ಡಿದರಿಂಗ್ ಅನ್ನುತ್ತಾರೆ. ಗಿಂಪಿನ 'ಇಂಡೆಕ್ಸ್‌ಡ್' ಕಿಟಕಿಯಲ್ಲಿ ಫ್ಲಾಯ್ಡ್-ಸ್ಟೈನ್‌ಬರ್ಗ್ ಅನ್ನುವ ಬಗೆಯ ಡಿದರಿಂಗ್ ಆರಿಸಿದೆ. ನಿಂತ ಚಿತ್ರದಲ್ಲಿ ಚೆನ್ನಾಗಿತ್ತು. ಓಡಿಸಿದರೆ ಆಕಾಶದ ತುಂಬಾ ಇರುವೆ ಹರಿದಾಡಿದ ಹಾಗೆ! ಒಂದೊಂದು ಫ್ರೇಮಿಗೂ ಚುಕ್ಕಿ ಬೇರೆ ಬೇರೆ ಕಡೆ ಬೀಳುತ್ತವೆ, ಅದಕ್ಕೆ. ಅದರ ಕೆಳಗೇ 'ಪೊಸಿಷನ್ಡ್' ಅಂತ ಇದೆ. ಅದು ಚುಕ್ಕಿಗಳನ್ನು ಒಂದು ನಿಗದಿಯಾದ ಜಾಲದಲ್ಲಿ ಇಡುತ್ತದೆ. ಇರುವೆ ಮಾಯ. ಫೋಟೋಶಾಪಿಗೆ ಹೋಗಿ 'ಡಿಫ್ಯೂಷನ್' ಬಿಟ್ಟು 'ಪ್ಯಾಟರ್ನ್' ಹಾಕಿದೆ, ಅಲ್ಲೂ ಅದೇ ಕಥೆ. ಇಷ್ಟು ವರ್ಷ ಆ ಮೆನು ಕಣ್ಣ ಮುಂದೆಯೇ ಇತ್ತು, ಒಮ್ಮೆಯೂ ಮುಟ್ಟಿರಲಿಲ್ಲ.

ಪಿಎನ್‌ಜಿ ಯಾಕೆ ಅನ್ನುವುದು ಗಿಂಪಿನ 'ಆಪ್ಟಿಮೈಸ್ (ಜಿಫ್‌ಗಾಗಿ)' ಓಡಿಸಿದಾಗ ತಿಳಿಯಿತು. ಅದು ಹಿಂದಿನ ಫ್ರೇಮಿಗಿಂತ ಬದಲಾದ ಜಾಗ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ತೆಗೆಯುತ್ತದೆ. ಜೆಪೆಗ್‌ನಲ್ಲಿ ಗೋಡೆ ಗೋಡೆಯಾಗೇ ಇದ್ದರೂ ಸಣ್ಣ ಕಲೆಗಳು ಫ್ರೇಮಿಂದ ಫ್ರೇಮಿಗೆ ಬದಲಾಗುತ್ತವೆ, ತೆಗೆಯಲು ಏನೂ ಸಿಗಲ್ಲ. ಪಿಎನ್‌ಜಿ ಚಿತ್ರವನ್ನು ಕೆಡಿಸದೆ ಇಡುತ್ತದೆ. ಮೊಬೈಲ್ ಅಲುಗದೆ ನಿಂತಿದ್ದ ಹೂಜಿ ತುಣುಕು ತುಂಬಾ ಹಗುರಾಯಿತು. ಕೈಯಲ್ಲಿ ಹಿಡಿದು ತೆಗೆದಿದ್ದ ಅಷ್ಟೂರಿನದು ಇಳಿಯಲೇ ಇಲ್ಲ. ಈ ವಿಷಯದಲ್ಲಿ ಸಾಫ್ಟ್‌ವೇರಿಗಿಂತ ಆ ಡಬ್ಬಿಯದೇ ದೊಡ್ಡ ಪಾಲು.

ಫ್ರೇಮಿನ ಹೊತ್ತು ಹೊಂದಿಸುವುದರಲ್ಲಿ ಎರಡೂ ಸಮ. ಮೂರಕ್ಕೊಂದು ಫ್ರೇಮ್ ತಗೊಂಡರೆ ಒಂದಕ್ಕೆ 0.1 ಸೆಕೆಂಡು. ಕೊನೆಯ ಫ್ರೇಮ್, ಕಪ್ಪು ಹೂಜಿ ಪೂರ್ತಿ ಕಾಣುವುದು, ಎರಡು ಸೆಕೆಂಡು ನಿಲ್ಲಬೇಕಿತ್ತು. ಫೋಟೋಶಾಪಿನಲ್ಲಿ ಟೈಮ್‌ಲೈನಿನ ಫ್ರೇಮಿನ ಕೆಳಗೆ ಒತ್ತಿದರಾಯಿತು. ಗಿಂಪಿನಲ್ಲಿ ಲೇಯರಿನ ಹೆಸರಿನ ಕೊನೆಗೆ ಕಂಸದಲ್ಲಿ 2000 ಮಿಲಿಸೆಕೆಂಡು ಅಂತ ಅದರದೇ ರೀತಿಯಲ್ಲಿ ಬರೆಯಬೇಕು. ವಿಚಿತ್ರ ಅನ್ನಿಸಿತು, ಆದರೆ ಕೆಲಸ ಮಾಡುತ್ತದೆ. ಫೋಟೋಶಾಪಿನಲ್ಲಿ 'ಫಾರೆವರ್' ಹಾಕುವುದು ಮಾತ್ರ ಮರೆಯಬೇಡಿ. ನಾನು ಮರೆತು, ಒಂದೇ ಸಲ ಓಡಿ ನಿಂತ ಜಿಫ್ ಕಳಿಸಿ ಬೈಸಿಕೊಂಡೆ.

ಕೊನೆಗೆ ವೆಬ್‌ಸೈಟಿಗೆ ಫೋಟೋಶಾಪಿನದನ್ನೇ ಕೊಟ್ಟೆ, 128 ಬಣ್ಣ, ಪ್ಯಾಟರ್ನ್ ಡಿದರ್. ಕಣ್ಣಿಗೆ ಗಿಂಪಿನದೂ ಅಷ್ಟೇ ಚೆನ್ನಾಗಿತ್ತು, ಆದರೆ ನನಗೆ ಗಿರಾಕಿಯ ಎದುರೇ ಕೂತು ಮಾಡುವ ಕೆಲಸ, ಫೋಟೋಶಾಪಿನಲ್ಲಿ ಅರ್ಧ ಗಂಟೆ ಸಾಕು. ವರ್ಷಕ್ಕೆ ಎರಡು ಜಿಫ್ ಮಾಡುವವರು ಅದಕ್ಕೋಸ್ಕರ ತಿಂಗಳ ದುಡ್ಡು ಕಟ್ಟುವುದು ದಂಡ. ಗಿಂಪ್, ಎಫ್‌ಎಫ್‌ಎಂಪೆಗ್ ಹಾಕಿಕೊಂಡು ಒಂದು ಭಾನುವಾರ ಕೂರಲಿ.

ಮಾರನೇ ದಿನ ಚಾಚಾ ಅಂಗಡಿಗೆ ಬಂದರು. ಅವರ ಮೊಬೈಲಿನಲ್ಲಿ ಅದೇ ಹೂಜಿ ಓಡುತ್ತಿತ್ತು, ನನ್ನದಕ್ಕಿಂತ ನಯವಾಗಿ. ಮೊಮ್ಮಗಳು ನನ್ನ ವಿಡಿಯೊವನ್ನು ವಾಟ್ಸಾಪಿನಲ್ಲೇ ಕತ್ತರಿಸಿ, ಜಿಫ್ ಅನ್ನುವ ಗುಂಡಿ ಒತ್ತಿ ಕಳಿಸಿದ್ದಳಂತೆ. ಅದು ಒಳಗೆ ಎಂಪಿ4 ವಿಡಿಯೊ, ಅದಕ್ಕೆ 256 ಬಣ್ಣದ ಕಟ್ಟು ಇಲ್ಲ, ಅದಕ್ಕೇ ಅಷ್ಟು ನಯ ಅಂತ ವಿವರಿಸಲು ಹೋದೆ.

"ಅದೆಲ್ಲ ಇರಲಿ ಬೇಟಾ, ಚಾ ತರಸು" ಅಂದರು.