ಮಧ್ಯ ರೈನ್ ಕಣಿವೆಯನ್ನು ಎಲ್ಲಿಂದ ನೋಡಬೇಕು: ಹಡಗು, ರೈಲು ಮತ್ತು ಎರಡು ದಡಗಳ ಕಾಲುದಾರಿಗಳು

ಜರ್ಮನಿಯ ಬಿಂಗೆನ್ ಮತ್ತು ರೂಡೆಸ್‌ಹೈಮ್ ಊರುಗಳಿಂದ ಕೊಬ್ಲೆಂಜ್‌ವರೆಗೆ, ಸುಮಾರು 65 ಕಿಲೋಮೀಟರ್ ಉದ್ದಕ್ಕೆ, ರೈನ್ ನದಿಯು ಬೆಟ್ಟಗಳನ್ನು ಕೊರೆದುಕೊಂಡು ಹರಿಯುತ್ತದೆ. 2002ರಲ್ಲಿ ಯುನೆಸ್ಕೊ ಈ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಯಾವುದೋ ಒಂದು ಕೋಟೆಯನ್ನೋ ಬಂಡೆಯನ್ನೋ ಆರಿಸದೆ, ನದಿ, ಸ್ಲೇಟ್ ಕಲ್ಲಿನ ಕಡಿದಾದ ಇಳಿಜಾರು, ದ್ರಾಕ್ಷಿಯ ಮೆಟ್ಟಿಲುತೋಟ ಮತ್ತು ದಡದ ಊರುಗಳನ್ನೆಲ್ಲ ಒಟ್ಟಾಗಿಯೇ ಗಣನೆಗೆ ತೆಗೆದುಕೊಂಡಿತು. ಹಾಗಾಗಿ ಇಲ್ಲಿಗೆ ಬರುವವರು ಏನೇನನ್ನು ನೋಡಬೇಕೆಂದು ಪಟ್ಟಿ ಮಾಡುವುದಕ್ಕಿಂತ, ಎಲ್ಲಿ ನಿಂತು ನೋಡಬೇಕೆಂದು ಯೋಚಿಸುವುದು ಹೆಚ್ಚು ಫಲಕಾರಿ. ಹಡಗಿನಲ್ಲಿ, ರೈಲಿನಲ್ಲಿ, ಸೈಕಲ್ಲಿನಲ್ಲಿ ಮತ್ತು ಎರಡೂ ದಡಗಳ ಕಾಲುದಾರಿಗಳಲ್ಲಿ ಈ ಕಣಿವೆಯನ್ನು ಸುತ್ತಿದ ಮೇಲೆ, ಅವುಗಳ ನಡುವಿನ ವ್ಯತ್ಯಾಸವು ಸೌಕರ್ಯಕ್ಕೆ ಸೀಮಿತವಾದದ್ದಲ್ಲ, ಕಣ್ಣಿಗೆ ಬೀಳುವ ವಸ್ತುವೇ ಬೇರೆಯಾಗುತ್ತದೆ ಎಂಬುದು ನನಗೆ ಖಚಿತವಾಗಿದೆ.

ಹಡಗಿನದು ಇಲ್ಲಿ ಎಲ್ಲರೂ ಮೊದಲು ಹೇಳುವ ದಾರಿ. ಬಿಂಗೆನ್ ಕಡೆಯಿಂದ ಹೊಳೆಯ ಹರಿವಿನೊಂದಿಗೆ ಕೊಬ್ಲೆಂಜ್ ತಲುಪಲು ಸುಮಾರು ನಾಲ್ಕು ಗಂಟೆ ಬೇಕಾದರೆ, ಹರಿವಿಗೆ ಎದುರಾಗಿ ಬರಲು ಸುಮಾರು ಆರು ಗಂಟೆ ಹಿಡಿಯುತ್ತದೆ. ಕೋಟೆಗಳನ್ನು ನೋಡುವುದಕ್ಕೆ ಹಡಗಿಗೆ ಸಾಟಿಯಿಲ್ಲ, ಏಕೆಂದರೆ ಅವುಗಳಲ್ಲಿ ಹಲವನ್ನು ಕಟ್ಟಿದ್ದೇ ಹೊಳೆಯಲ್ಲಿ ಬರುವವರ ಮೇಲೆ ಕಣ್ಣಿಟ್ಟು ಸುಂಕ ಎತ್ತುವುದಕ್ಕಾಗಿ. ಕೌಬ್ ಊರಿನೆದುರು ನದಿಯ ನಡುಗಡ್ಡೆಯ ಮೇಲೆ ನಿಂತಿರುವ ಫಾಲ್ಸ್‌ಗ್ರಾಫೆನ್‌ಸ್ಟೈನ್ ಇದಕ್ಕೆ ಒಳ್ಳೆಯ ಉದಾಹರಣೆ. 1326ರ ಸುಮಾರಿಗೆ ಸುಂಕದ ಕಟ್ಟೆಯಾಗಿ ಆರಂಭವಾದ ಈ ಕಟ್ಟಡದ ಚೂಪಾದ ಮೂತಿಯು ಹರಿವು ಬರುವ ದಿಕ್ಕಿಗೆ ಮುಖಮಾಡಿದ್ದು, ಚಳಿಗಾಲದಲ್ಲಿ ತೇಲಿಬರುತ್ತಿದ್ದ ಮಂಜುಗಡ್ಡೆಯನ್ನು ಸೀಳುತ್ತಿತ್ತು. ಈ ವಿನ್ಯಾಸದ ಜಾಣತನ ನೀರಿನ ಮಟ್ಟದಿಂದ ನೋಡಿದಾಗ ಮಾತ್ರ ಪೂರ್ತಿ ತಿಳಿಯುತ್ತದೆ.

ಆದರೆ ನಿಸರ್ಗದ ಸ್ಮಾರಕಗಳ ವಿಷಯದಲ್ಲಿ ಹಡಗು ನಮ್ಮನ್ನು ಅರ್ಧ ದಾರಿಯಲ್ಲೇ ಬಿಡುತ್ತದೆ. ಹಾಡಿನಿಂದ ನಾವಿಕರನ್ನು ಮರುಳುಮಾಡುವ ಕನ್ಯೆಯ ದಂತಕಥೆಗೆ ಹೆಸರಾದ, ನದಿಯಿಂದ ಸುಮಾರು 132 ಮೀಟರ್ ಎತ್ತರಕ್ಕೆ ಏಳುವ ಲೋರೆಲೈ ಬಂಡೆಯ ಬುಡದಲ್ಲಿ ಹಾದುಹೋಗುವಾಗ ಧ್ವನಿವರ್ಧಕದಲ್ಲಿ ಹಾಡು ಬರುತ್ತದೆ, ಎಲ್ಲರೂ ಒಂದೇ ಬದಿಗೆ ಓಡುತ್ತಾರೆ, ಎರಡು ನಿಮಿಷದಲ್ಲಿ ಬಂಡೆ ಹಿಂದೆ ಸರಿಯುತ್ತದೆ. ಅಷ್ಟು ಹತ್ತಿರದಿಂದ ಕಾಣುವುದು ಒಂದು ಕಲ್ಲಿನ ಗೋಡೆಯಷ್ಟೆ. ನದಿ ಇಲ್ಲಿ ಏಕೆ ಕಿರಿದಾಯಿತು, ಏಕೆ ತಿರುಗಿತು, ಹಡಗುಗಳಿಗೆ ಏಕೆ ಕಂಟಕವಾಯಿತು ಎಂಬುದು ತಿಳಿಯಬೇಕಾದರೆ ಮೇಲಿನಿಂದ ನೋಡಬೇಕು. ಇಂದಿಗೂ ಒಬರ್‌ವೇಜೆಲ್ ಮತ್ತು ಸಂಕ್ಟ್ ಗೋವಾರ್ ನಡುವೆ, ಎದುರು ಹರಿವಿನಲ್ಲಿ ಏರಿಬರುವ ಹಡಗುಗಳಿಗೆ ತಿರುವಿನಾಚೆ ಇಳಿದು ಬರುತ್ತಿರುವ ಹಡಗುಗಳ ಸುಳಿವನ್ನು ದಡದ ಮೇಲಿನ ಬೆಳಕಿನ ಗುರುತುಗಳು ಕೊಡುತ್ತವೆ. ಹಡಗಿನ ಮೇಲಂತಸ್ತಿನಲ್ಲಿ ಕುಳಿತವರ ಗಮನಕ್ಕೆ ಈ ಗುರುತುಗಳು ಬರುವುದೇ ಅಪರೂಪ.

ಹಡಗಿಗೆ ನದಿಯ ಅನುಮತಿಯೂ ಬೇಕು. 2018ರ ಅಕ್ಟೋಬರ್‌ನಲ್ಲಿ ಕೌಬ್‌ನ ಮಾಪಕದಲ್ಲಿ ನೀರಿನ ಮಟ್ಟ 25 ಸೆಂಟಿಮೀಟರಿಗೆ ಇಳಿದಿತ್ತು. ಇದು ಮಾಪಕದ ಅಂಕಿಯೇ ಹೊರತು ಹಡಗುಗಳು ಓಡಾಡುವ ನಾಲೆಯ ಆಳವಲ್ಲ. ಆಳ ಅದಕ್ಕಿಂತ ಹೆಚ್ಚಿರುತ್ತದೆ. ಆದರೂ ಆ ಶರತ್ಕಾಲದಲ್ಲಿ ಜನರು ಫಾಲ್ಸ್‌ಗ್ರಾಫೆನ್‌ಸ್ಟೈನ್‌ಗೆ ಕಾಲ್ನಡಿಗೆಯಲ್ಲೇ ಹೋಗಿಬಂದಿದ್ದರು. ಒಬರ್‌ವೇಜೆಲ್ ಬಳಿ ನೀರಿನೊಳಗೆ ಅಡಗಿರುವ, ಏಳು ಕನ್ಯೆಯರು ಎಂದು ಕರೆಸಿಕೊಳ್ಳುವ ಬಂಡೆಗಳು ತಲೆಯೆತ್ತುವುದೂ ಇಂಥ ಬರಗಾಲದಲ್ಲಿಯೇ. ಎಂದರೆ ಈ ಸಹಜ ಸ್ಮಾರಕಗಳು ಚೆನ್ನಾಗಿ ಕಾಣುವ ಕಾಲವೂ ಹಡಗುಗಳಿಗೆ ಅತ್ಯಂತ ಕಷ್ಟದ ಕಾಲವೂ ಒಂದೇ.

ರೈಲನ್ನು ಪ್ರವಾಸಿ ಕೈಪಿಡಿಗಳು ಕಡೆಗಣಿಸುತ್ತವೆ. ಅದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಎಡದಂಡೆಯ ಮಾರ್ಗ 1859ರಲ್ಲಿ ಪೂರ್ಣಗೊಂಡಿತು, ಬಲದಂಡೆಯಲ್ಲಿಯೂ ಮಾರ್ಗವಿದೆ. ಬಿಂಗೆನ್‌ನಿಂದ ಕೊಬ್ಲೆಂಜ್‌ಗೆ ಎಡದಂಡೆಯ ರೈಲಿನಲ್ಲಿ ಬಲಬದಿಯ ಕಿಟಕಿ ಹಿಡಿದು ಕುಳಿತರೆ, ಒಂದು ಗಂಟೆಯೊಳಗೆ ಕಣಿವೆಯ ನಕ್ಷೆ ಮನಸ್ಸಿನಲ್ಲಿ ಮೂಡುತ್ತದೆ. ಯಾವ ಇಳಿಜಾರಿನಲ್ಲಿ ದ್ರಾಕ್ಷಿ ಇದೆ, ಯಾವುದರಲ್ಲಿ ಕಾಡು ಇದೆ ಎಂಬ ಲೆಕ್ಕ ನನಗೆ ಮೊದಲು ಹೊಳೆದದ್ದು ಈ ವೇಗದಲ್ಲಿಯೇ. ದಕ್ಷಿಣಕ್ಕೋ ನೈಋತ್ಯಕ್ಕೋ ಮುಖ ಮಾಡಿದ ಕಡೆಗಳಲ್ಲಿ ರೀಸ್ಲಿಂಗ್ ಎಂಬ ದ್ರಾಕ್ಷಿ ತಳಿಯ ಬಳ್ಳಿಗಳು ಸಾಲುಗಟ್ಟಿವೆ, ಏಕೆಂದರೆ ಸ್ಲೇಟ್ ಕಲ್ಲು ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ಬಿಟ್ಟುಕೊಡುತ್ತದೆ. ನೆರಳಿನ ಕಡೆಗಳಲ್ಲಿರುವುದು, ಹಿಂದೆ ತೊಗಲು ಹದಮಾಡಲು ತೊಗಟೆ ಒದಗಿಸುತ್ತಿದ್ದ ಓಕ್ ಕಾಡು. ಎಡದಂಡೆಯ ಬೊಪ್ಪಾರ್ಡ್ ಬಳಿ ನದಿ ದೊಡ್ಡದಾಗಿ ಬಳಸಿ ಹರಿಯುವಲ್ಲಿ ಇಳಿಜಾರು ದಕ್ಷಿಣಕ್ಕೆ ತಿರುಗುವುದರಿಂದಲೇ ಅಲ್ಲಿ ಅಷ್ಟು ವಿಶಾಲವಾದ ತೋಟಗಳಿವೆ. ರೈಲಿನ ಕೊರತೆಯೆಂದರೆ, ಲೋರೆಲೈ ಹತ್ತಿರ ಬರುತ್ತಿದ್ದಂತೆ ಮಾರ್ಗವು ಒಂದಾದ ಮೇಲೊಂದು ಸುರಂಗಕ್ಕೆ ನುಗ್ಗುತ್ತದೆ. ಕೋಟೆಯ ಬಾಗಿಲಿನಂತೆ ಬುರುಜುಗಳನ್ನಿಟ್ಟು ಕಟ್ಟಿದ ಸುರಂಗದ್ವಾರಗಳು ಆ ನಷ್ಟವನ್ನು ತುಂಬುವುದಿಲ್ಲ. ಇನ್ನು ಸರಕು ರೈಲುಗಳು ಹಗಲಿರುಳೆನ್ನದೆ ಎರಡೂ ದಡಗಳಲ್ಲಿ ಓಡುತ್ತವೆ. ನಿದ್ರೆ ಸೂಕ್ಷ್ಮವಿರುವವರು ಹಳಿಯಿಂದ ದೂರದಲ್ಲಿ ವಸತಿ ಹುಡುಕುವುದು ಲೇಸು.

ಸೈಕಲ್ ದಾರಿ ನದಿಯ ಪಕ್ಕದಲ್ಲೇ ಸಮತಟ್ಟಾಗಿ ಸಾಗುತ್ತದೆ, ಆದರೆ ಬಹುತೇಕ ಹೆದ್ದಾರಿಯ ಮಗ್ಗುಲಲ್ಲಿ. ವ್ಯಾಯಾಮಕ್ಕೆ ಒಳ್ಳೆಯದು, ನೋಟಕ್ಕೆ ರೈಲಿಗಿಂತ ಹೆಚ್ಚಿನದೇನನ್ನೂ ಕೊಡುವುದಿಲ್ಲ.

ನಿಜವಾದ ಪೈಪೋಟಿ ಇರುವುದು ಎರಡು ಕಾಲುದಾರಿಗಳ ನಡುವೆ. ಬಲದಂಡೆಯಲ್ಲಿ ಬಾನ್‌ನಿಂದ ವೀಸ್‌ಬಾಡೆನ್‌ವರೆಗೆ ಸುಮಾರು 320 ಕಿಲೋಮೀಟರ್ ಸಾಗುವ ರೈನ್‌ಸ್ಟೈಗ್ 2005ರಲ್ಲಿ ತೆರೆಯಿತು. ಅದರ ಗುರುತು ನೀಲಿ ಫಲಕ. ಎಡದಂಡೆಯಲ್ಲಿ ಕೆಂಪು ಫಲಕದ ರೈನ್‌ಬುರ್ಗೆನ್‌ವೇಗ್ ಇದೆ. ಎರಡೂ ಏರಿಳಿತದ ದಾರಿಗಳೇ, ನದಿಯ ಮಟ್ಟಕ್ಕೆ ಇಳಿದು ಮತ್ತೆ ಅಂಚಿಗೆ ಹತ್ತುವುದು ಎರಡರಲ್ಲೂ ತಪ್ಪುವುದಿಲ್ಲ.

ಬಲದಂಡೆಯಲ್ಲಿ ಕೌಬ್‌ನಿಂದ ಸಂಕ್ಟ್ ಗೋವಾರ್ಸ್‌ಹೌಸೆನ್‌ವರೆಗಿನ ಹಾದಿ ನನ್ನ ಮಟ್ಟಿಗೆ ಈ ಕಣಿವೆಯ ಅತ್ಯಂತ ಕಠಿಣವಾದ, ಹಾಗೆಯೇ ಅತ್ಯಂತ ಸಮೃದ್ಧವಾದ ಭಾಗ. ಸುಮಾರು 40 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಕೆಸರಾಗಿದ್ದದ್ದು ಇಲ್ಲಿ ಸ್ಲೇಟಾಗಿ, ಕಾಲಡಿಯಲ್ಲಿ ಪದರಪದರವಾಗಿ ಸಪ್ಪಳ ಮಾಡುತ್ತದೆ. ನೆಲ ನಿಧಾನವಾಗಿ ಮೇಲೇಳುತ್ತಿದ್ದಂತೆ ನದಿಯು ತನ್ನ ಹಳೆಯ ಜಾಡನ್ನು ಬಿಡದೆ ಕೆಳಕ್ಕೆ ಕೊರೆಯುತ್ತ ಹೋದದ್ದರಿಂದ ಈ ಕಮರಿ ಉಂಟಾಯಿತು ಎಂಬ ವಿವರಣೆ ಅಂಚಿನ ಮೇಲೆ ನಿಂತಾಗ ಒಮ್ಮೆಗೇ ಸ್ಪಷ್ಟವಾಗುತ್ತದೆ: ಮೇಲೆ ಹೊಲಗಳಿರುವ ಸಮತಟ್ಟಾದ ಬಯಲು, ಅದರ ನಡುವೆ ಹಠಾತ್ತನೆ ಈ ಆಳ. ದ್ರಾಕ್ಷಿ ಬೆಳೆ ನಿಂತುಹೋದ ಮೆಟ್ಟಿಲುಗಳನ್ನು ಮುಳ್ಳುಪೊದೆಗಳು ನುಂಗಿವೆ. ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಗಳು ಕುಸಿಯುತ್ತಿವೆ. ಆ ಗೋಡೆಗಳ ಸಂದುಗಳಲ್ಲಿ ಹಲ್ಲಿಗಳ ಓಡಾಟ ಕಾಣುತ್ತದೆ. ಬಿಸಿಲನ್ನು ಬಯಸುವ ಹಸಿರು ಹಲ್ಲಿ ಈ ಇಳಿಜಾರುಗಳ ವಿಶೇಷ ಜೀವಿ. ಇಲ್ಲಿ ನಿಸರ್ಗ ಎಂದು ರಕ್ಷಿಸಲ್ಪಡುವುದರಲ್ಲಿ ಬಹುಭಾಗ ದ್ರಾಕ್ಷಿ ಬೆಳೆಗಾರರ ಶ್ರಮದಿಂದಲೇ ಉಳಿದದ್ದು, ಬೇಸಾಯ ನಿಂತರೆ ಪೊದೆಯ ನೆರಳಿನಲ್ಲಿ ಹಲ್ಲಿಗೂ ಜಾಗವಿಲ್ಲ ಎಂಬುದನ್ನು ಹಡಗಾಗಲಿ ರೈಲಾಗಲಿ ತೋರಿಸಲಾರದು.

ಇಷ್ಟಿದ್ದರೂ ಲೋರೆಲೈ ತುದಿಯನ್ನು ತಲುಪಿದಾಗ ಬಲದಂಡೆ ನಿರಾಸೆಗೊಳಿಸುತ್ತದೆ. ಬಸ್ಸುಗಳಲ್ಲಿ ಬಂದವರ ಗದ್ದಲ ಒಂದು ಕಡೆಯಾದರೆ, ಬಂಡೆಯ ಮೇಲೆ ನಿಂತವನಿಗೆ ಬಂಡೆಯೇ ಕಾಣದಿರುವುದು ಇನ್ನೊಂದು ಕಡೆ. ಕೋಟೆಗಳದ್ದೂ ಇದೇ ಕಥೆ. ಎಡದಂಡೆಯ ದಾರಿ ಗೆಲ್ಲುವುದು ಇಲ್ಲಿಯೇ. ಒಬರ್‌ವೇಜೆಲ್‌ನ ಹಳೆಯ ಊರಗೋಡೆ ಮತ್ತು ಬುರುಜುಗಳನ್ನು ದಾಟಿ, ಕಬ್ಬಿಣದ ಹಗ್ಗ, ಏಣಿಗಳ ನೆರವಿನಿಂದ ದ್ರಾಕ್ಷಿತೋಟದ ಬಂಡೆಗಳ ನಡುವೆ ಹಾಯುವ ಓಲ್ಸ್‌ಬರ್ಗ್ ದಾರಿಯನ್ನು ಹತ್ತಿ, ಉರ್‌ಬಾರ್ ಹಳ್ಳಿಯ ಮಾರಿಯಾ ರೂ ಎಂಬ ನೋಟದ ತಾಣಕ್ಕೆ ಬಂದರೆ, ಎದುರಿಗೆ ಲೋರೆಲೈ ಬಂಡೆ, ಅದರ ಬುಡದಲ್ಲಿ ಬಾಗಿದ ನದಿ, ತಿರುವಿಗೆ ಮೊದಲೇ ಅಣಿಯಾಗುವ ಸರಕು ದೋಣಿಗಳು ಎಲ್ಲವೂ ಒಂದೇ ನೋಟದಲ್ಲಿ ಸಿಗುತ್ತವೆ. ಹೆಸರು ಬಲದಂಡೆಯದು, ನೋಟ ಎಡದಂಡೆಯದು. ತಲೆಸುತ್ತು ಬರುವವರು ಏಣಿಯ ಭಾಗವನ್ನು ಬಿಟ್ಟು ಸುತ್ತುದಾರಿ ಹಿಡಿಯಬಹುದು.

ಹಾಳಾಗದೆ ಉಳಿದ ಬೆಟ್ಟದ ಕೋಟೆಯ ಒಳಗನ್ನು ನೋಡಬೇಕೆಂದರೆ ಮಾತ್ರ ಬಲದಂಡೆಗೆ ದಾಟಲೇಬೇಕು. ಮಧ್ಯ ರೈನ್‌ನಲ್ಲಿ ಎಂದೂ ನಾಶವಾಗದೆ ಉಳಿದ ಒಂದೇ ಬೆಟ್ಟದ ಕೋಟೆಯಾದ ಮಾರ್ಕ್ಸ್‌ಬುರ್ಗ್ ಬ್ರೌಬಾಖ್ ಊರಿನ ಮೇಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಂದಗೊಳಿಸಿ ಮರುಕಟ್ಟಿದ ಇತರ ಕೋಟೆಗಳ ನಂತರ ಇದನ್ನು ನೋಡಿದರೆ ಅಸಲಿನ ಒರಟುತನ ತಿಳಿಯುತ್ತದೆ.

ಆದ್ದರಿಂದ ಒಂದೇ ದಿನ ಕೈಯಲ್ಲಿರುವವರಿಗೆ ನಾನು ಸೂಚಿಸುವುದು, ಬೆಳಗ್ಗೆ ಬಿಂಗೆನ್‌ನಿಂದ ಒಬರ್‌ವೇಜೆಲ್‌ಗೆ ಹರಿವಿನೊಂದಿಗೆ ಇಳಿಯುವ ಹಡಗು, ಅಲ್ಲಿಂದ ಸಂಕ್ಟ್ ಗೋವಾರ್‌ವರೆಗೆ ಕೆಂಪು ಫಲಕದ ಕಾಲುದಾರಿ, ಮರಳುವುದಕ್ಕೆ ಎಡದಂಡೆಯ ರೈಲು. ಎರಡನೆಯ ದಿನವಿದ್ದರೆ ಕೌಬ್ ಕಡೆಯ ನೀಲಿ ದಾರಿಯನ್ನು ಸೇರಿಸಿಕೊಳ್ಳಬಹುದು. ಬಿಂಗೆನ್‌ನಿಂದ ಕೊಬ್ಲೆಂಜ್ ಸೇರುವ ತನಕ ನದಿಗೆ ರಸ್ತೆಯ ಸೇತುವೆ ಒಂದೂ ಇಲ್ಲ. ದಡ ಬದಲಿಸಲು ಕೌಬ್, ಸಂಕ್ಟ್ ಗೋವಾರ್, ಬೊಪ್ಪಾರ್ಡ್ ಮುಂತಾದೆಡೆ ಇರುವ ಹಾಯದೋಣಿಗಳೇ ಗತಿ. ಸಂಜೆಯ ಕೊನೆಯ ದೋಣಿಯ ಹೊತ್ತನ್ನು ಬೆಳಗ್ಗೆಯೇ ಕೇಳಿಟ್ಟುಕೊಂಡು ಹೊರಡಬೇಕು.