ಸೈಕೆಡೆಲಿಕ್ ಹೆವಿ ರಾಕ್ ಆಲ್ಬಂ: ರೆಕಾರ್ಡಿನಲ್ಲೋ, ಸಿಡಿಯಲ್ಲೋ, ಕ್ಯಾಸೆಟ್ಟಿನಲ್ಲೋ, ಫೋನಿನಲ್ಲೋ?

ಸ್ವತಂತ್ರ ಬ್ಯಾಂಡೊಂದು ಹೊಸ ಸೈಕೆಡೆಲಿಕ್ ಹೆವಿ ರಾಕ್ (ಭಾರವಾದ ಗಿಟಾರ್ ದನಿಯ, ಗುಂಗು ಹಿಡಿಸುವ ರಾಕ್ ಸಂಗೀತ) ಆಲ್ಬಂ ಹೊರತಂದರೆ ಕೇಳುಗನ ಮುಂದೆ ಹಲವು ಆಯ್ಕೆಗಳು ಬಂದು ನಿಲ್ಲುತ್ತವೆ. ಬಣ್ಣದ ಎಲ್‌ಪಿ ರೆಕಾರ್ಡ್, ಸಿಡಿ, ಕೆಲವೇ ಪ್ರತಿಗಳ ಕ್ಯಾಸೆಟ್, ಇಳಿಸಿಕೊಳ್ಳುವ ಕಡತ. ಇವೇನೂ ಬೇಡವೆಂದರೆ ಸ್ಟ್ರೀಮಿಂಗ್ ಇದ್ದೇ ಇದೆ. ಈ ಸಂಗೀತದ ಅಭಿಮಾನಿಗಳಲ್ಲಿ ಅಗ್ರಪೂಜೆ ಸಲ್ಲುವುದು ರೆಕಾರ್ಡಿಗೆ. ನನಗೂ ರೆಕಾರ್ಡ್ ಎಂದರೆ ಪ್ರೀತಿಯೇ. ಆದರೆ ಒಂದೇ ಆಲ್ಬಮನ್ನು ಬೇರೆ ಬೇರೆ ರೂಪಗಳಲ್ಲಿ ಕೊಂಡು, ಅದೇ ಕೋಣೆಯಲ್ಲಿ, ಅವೇ ಸ್ಪೀಕರುಗಳಲ್ಲಿ ಕೇಳುತ್ತ ಬಂದ ಮೇಲೆ ಒಂದು ಮಾತು ನನಗೆ ಖಚಿತವಾಗಿದೆ. ಈ ಸಂಗೀತ ನಿಂತಿರುವುದು ಎರಡು ಗುಣಗಳ ಮೇಲೆ: ಮಂದ್ರದ ಭಾರ ಮತ್ತು ಹಾಡಿನ ಉದ್ದ. ರೆಕಾರ್ಡಿಗೆ ಅತ್ಯಂತ ಕಷ್ಟವಾಗುವುದೂ ಇವೆರಡೇ.

ಹೋಲಿಸುವಾಗ ಒಂದು ಎಚ್ಚರ ಬೇಕು. ಎರಡು ಧ್ವನಿಗಳಲ್ಲಿ ತುಸು ಜೋರಾಗಿರುವುದೇ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ. ಆದ್ದರಿಂದ ಪ್ರತಿ ಸಲವೂ ಒಂದೇ ರಿಫ್ (ಹಾಡಿನಲ್ಲಿ ಮರಳಿ ಮರಳಿ ಬರುವ ಗಿಟಾರಿನ ಪುಟ್ಟ ನುಡಿ) ಹಾಕಿ, ಎಲ್ಲ ರೂಪಗಳ ಧ್ವನಿಮಟ್ಟವನ್ನು ಸರಿದೂಗಿಸಿಯೇ ಕೇಳಿದ್ದೇನೆ. ಇದನ್ನು ಬಿಟ್ಟು ಮಾಡಿದ ಹೋಲಿಕೆಯನ್ನು ನಾನು ನಂಬುವುದಿಲ್ಲ.

ಮೊದಲು ಮಂದ್ರದ ವಿಷಯ. ಕಾರ್ಖಾನೆಯ ಅಪಘಾತದಲ್ಲಿ ಬೆರಳ ತುದಿಗಳನ್ನು ಕಳೆದುಕೊಂಡಿದ್ದ ಬ್ಲ್ಯಾಕ್ ಸಬಾತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ, 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮಿನ ಹಲವು ಹಾಡುಗಳಿಗೆ ಗಿಟಾರಿನ ಶ್ರುತಿಯನ್ನು ಮೂರು ಅರ್ಧಸ್ವರಗಳಷ್ಟು ಇಳಿಸಿದರು. ತಂತಿ ಸಡಿಲವಾದಷ್ಟೂ ಬೆರಳಿಗೆ ನೋವು ಕಡಿಮೆ. ಆ ಇಳಿದ ಶ್ರುತಿಯೇ ಮುಂದೆ ಒಂದು ಇಡೀ ಪರಂಪರೆಯ ದನಿಯಾಯಿತು. ಕ್ಯಾಲಿಫೋರ್ನಿಯಾದ ಮರುಭೂಮಿಯಿಂದ ಬಂದ ಕಯಸ್ ಬ್ಯಾಂಡಿನ ಜಾಶ್ ಹೋಮಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶ್ರುತಿಯನ್ನು ‘ಸಿ’ ಸ್ವರಕ್ಕೆ ಇಳಿಸಿ, ಗಿಟಾರನ್ನು ಬೇಸ್ ಆಂಪ್ಲಿಫೈಯರಿನಲ್ಲಿ ನುಡಿಸಿದರು. ಸಾಮಾನ್ಯ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 82 ಹರ್ಟ್ಝ್‌ನಲ್ಲಿ ಮಿಡಿದರೆ, ‘ಸಿ’ಗೆ ಇಳಿಸಿದಾಗ 65ಕ್ಕೆ ಬರುತ್ತದೆ. ಅದೇ ಶ್ರುತಿಯ ಬೇಸ್ ಗಿಟಾರ್ 33ರ ಆಸುಪಾಸಿನಲ್ಲಿರುತ್ತದೆ. ಆ ಸ್ವರವನ್ನು ಕಿವಿಗಿಂತ ಮೊದಲು ಎದೆ ಕೇಳುತ್ತದೆ.

ರೆಕಾರ್ಡಿನಲ್ಲಿ ಸ್ವರ ತಗ್ಗಿದಷ್ಟೂ ಸೂಜಿ ಓಡುವ ಗೆರೆ ಅಗಲವಾಗಿ ಓಲಾಡುತ್ತದೆ. ಹಾಗೇ ಕೊರೆದರೆ ಪಕ್ಕದ ಗೆರೆಗೆ ತಾಗುತ್ತದೆ, ಸೂಜಿ ಹಾರುತ್ತದೆ. ಅದಕ್ಕೇ ಕೊರೆಯುವಾಗ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸುತ್ತಾರೆ. ನುಡಿಸುವಾಗ ಫೋನೋ ಆಂಪ್ಲಿಫೈಯರ್ ಅದನ್ನು ತಿರುಗಿಸಿ ಸರಿಮಾಡುತ್ತದೆ. ಅತಿ ಮಂದ್ರದ ಸ್ವರಗಳನ್ನು ಎಡ, ಬಲ ಎಂದು ಹಂಚದೆ ನಡುವಿಗೆ ತರುವುದೂ ವಾಡಿಕೆ. ಫೇಸರ್ (ದನಿಯನ್ನು ಅಲೆಯಲೆಯಾಗಿ ಸುಳಿಸುವ ಸಾಧನ) ಹಾಕಿದ ಬೇಸ್ ತಲೆಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುಳಿಯುವಂಥ ಜಾಗಗಳಲ್ಲಿ ಈ ವ್ಯತ್ಯಾಸ ಕಿವಿಗೆ ಸಿಗುತ್ತದೆ. ಕಡತದಲ್ಲಿ ಅದು ಕೋಣೆಯನ್ನೇ ಸುತ್ತುತ್ತದೆ, ರೆಕಾರ್ಡಿನಲ್ಲಿ ಮುಂದೆ ನಿಂತು ಗುಡುಗುತ್ತದೆ. ಕೆಲವು ಹಾಡುಗಳಿಗೆ ಗುಡುಗೇ ಒಪ್ಪುತ್ತದೆ ಎಂಬುದನ್ನೂ ಹೇಳಬೇಕು. ಸೈಕೆಡೆಲಿಕ್ ಬಣ್ಣ ತೆಳುವಾಗಿದ್ದು, ನೇರ ರಿಫ್‌ಗಳೇ ತುಂಬಿರುವ ಆಲ್ಬಮುಗಳು ರೆಕಾರ್ಡಿನಲ್ಲಿ ಇನ್ನಷ್ಟು ಬಿಗಿಯಾಗಿ ಬರುತ್ತವೆ.

ಉದ್ದದ ತೊಡಕು ಇದಕ್ಕಿಂತ ದೊಡ್ಡದು. ಎಲ್‌ಪಿಯ ಒಂದು ಬದಿಯಲ್ಲಿ ಇಪ್ಪತ್ತು ನಿಮಿಷದವರೆಗೆ ಸಂಗೀತ ನೆಮ್ಮದಿಯಾಗಿ ಕೂರುತ್ತದೆ. ಅದಕ್ಕಿಂತ ಹೆಚ್ಚು ತುಂಬಿದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು, ಹಾಗಾಗಿ ಧ್ವನಿಮಟ್ಟವನ್ನೂ ಮಂದ್ರವನ್ನೂ ಇಳಿಸಬೇಕು. ಇನ್ನೊಂದು ಸಂಗತಿ ಇದೆ, ನನ್ನನ್ನು ಹೆಚ್ಚು ಕಾಡುವುದು ಅದೇ. ರೆಕಾರ್ಡ್ ನಿಮಿಷಕ್ಕೆ 33⅓ ಸುತ್ತು ಎಂದು ಒಂದೇ ವೇಗದಲ್ಲಿ ತಿರುಗುತ್ತದೆ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಗೆರೆ ಸಾಗಿದರೆ, ಒಳ ಅಂಚಿನಲ್ಲಿ ಸಾಗುವುದು ಸುಮಾರು 21 ಮಾತ್ರ. ಅಷ್ಟೇ ಸದ್ದು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಮುದುಡಿಕೊಳ್ಳುತ್ತದೆ. ಬದಿಯ ಕೊನೆಗೆ ಹೋದಂತೆ ಸಿಂಬಲ್‌ಗಳು (ಡ್ರಮ್ಮಿನ ಜೊತೆ ಬಾರಿಸುವ ಲೋಹದ ತಟ್ಟೆಗಳು) ಒರಟಾಗುವುದು, ಕಂಠ ಸೀಳಿದಂತಾಗುವುದು ಇದರಿಂದಲೇ.

ಈ ಪ್ರಕಾರದ ಹಾಡು ಕಟ್ಟಿಕೊಳ್ಳುವ ಬಗೆಯನ್ನು ನೆನೆಯಿರಿ. ಮೆಲ್ಲಗೆ, ಪ್ರತಿಧ್ವನಿಯಲ್ಲಿ ತೇಲುವ ಒಂದೆರಡು ಸ್ವರಗಳಿಂದ ಅದು ಶುರುವಾಗುತ್ತದೆ. ಹತ್ತು ನಿಮಿಷ ಒಂದೇ ಆವರ್ತವನ್ನು ತಿರುವಿ ತಿರುವಿ ಗುಂಗು ಹಿಡಿಸುತ್ತದೆ. ಕಡೆಗೆ ಗಿಟಾರಿನ ದನಿಯನ್ನು ಒರಟಾಗಿ ಒಡೆಯುವ ಫಝ್, ಡ್ರಮ್, ಸಿಂಬಲ್ ಎಲ್ಲವೂ ಒಟ್ಟಿಗೆ ಸ್ಫೋಟಿಸುವ ತುದಿಗೆ ಏರುತ್ತದೆ. ಆ ತುದಿ ಬಂದು ಬೀಳುವುದು ರೆಕಾರ್ಡಿನ ಅತ್ಯಂತ ಬಡ ಜಾಗದಲ್ಲಿ. ತುದಿಯ ಹಾಡನ್ನು ಬದಿಯ ಮೊದಲಿಗೆ ತಂದ, ಅಥವಾ ಆಲ್ಬಮನ್ನು ಎರಡು ರೆಕಾರ್ಡುಗಳಿಗೆ ಹರಡಿ ಒಳ ಅಂಚನ್ನು ಖಾಲಿ ಬಿಟ್ಟ ಬ್ಯಾಂಡುಗಳ ಬಗ್ಗೆ ನನಗೆ ವಿಶೇಷ ಗೌರವವಿದೆ. ಕೊಳ್ಳುವ ಮೊದಲು ಬದಿಗೆ ಎಷ್ಟು ನಿಮಿಷ ಎಂದು ಲೆಕ್ಕ ಹಾಕಿ ನೋಡಿ. ಇಪ್ಪತ್ತಮೂರು, ಇಪ್ಪತ್ತನಾಲ್ಕು ದಾಟಿದ್ದರೆ ನಾನು ಆ ರೆಕಾರ್ಡನ್ನು ಕೊಳ್ಳುವುದಿಲ್ಲ, ಹೊದಿಕೆಯ ಚಿತ್ರ ಎಷ್ಟೇ ಸೆಳೆದರೂ.

ಸ್ಲೀಪ್ ಬ್ಯಾಂಡಿನ ‘ಡೋಪ್‌ಸ್ಮೋಕರ್’ ಈ ಮಾತಿಗೆ ಒಳ್ಳೆಯ ಒರೆಗಲ್ಲು. ಅರವತ್ತಮೂರು ನಿಮಿಷ ದಾಟುವ ಒಂದೇ ಹಾಡು. ಅದನ್ನು ಹೊರತರಲು ಅಂದಿನ ಕಂಪನಿ ಒಪ್ಪದೆ, ಬ್ಯಾಂಡೇ ಒಡೆದುಹೋಯಿತು. 1999ರಲ್ಲಿ ಅದು ‘ಜೆರುಸಲೇಮ್’ ಎಂಬ ಹೆಸರಿನಲ್ಲಿ, ಮೊಟಕಾಗಿ, ತುಂಡು ತುಂಡಾಗಿ ಬಂದಿತು. ಪೂರ್ಣರೂಪ ಬಂದದ್ದು 2003ರಲ್ಲಿ. ರೆಕಾರ್ಡಿನಲ್ಲಿ ಇದನ್ನು ಕೇಳುವವರು ನಡುನಡುವೆ ಎದ್ದು ಬದಿ ತಿರುವಲೇಬೇಕು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲೂ ಒಂದು ಬದಿಗೆ ನಲವತ್ತೈದೇ. ಎಪ್ಪತ್ತನಾಲ್ಕು ನಿಮಿಷ ಹಿಡಿಯುವ ಸಿಡಿ ಮಾತ್ರ ಅದನ್ನು ಮೊದಲಿನಿಂದ ಕೊನೆಯವರೆಗೆ ಉಸಿರು ಮುರಿಯದೆ ನುಡಿಸುತ್ತದೆ. ಎರಡೂ ಬಗೆಯಲ್ಲಿ ಕೇಳಿದವನಾಗಿ ಹೇಳುತ್ತೇನೆ: ಬದಿ ತಿರುವಿದಾಗ ಕಳೆದುಹೋಗುವುದು ಅರ್ಧ ನಿಮಿಷವಲ್ಲ, ಅಲ್ಲಿಯವರೆಗೆ ಹತ್ತಿದ ಗುಂಗು. ಅದನ್ನು ಮತ್ತೆ ಮೊದಲಿನಿಂದ ಹತ್ತಿಸಿಕೊಳ್ಳಬೇಕು.

ಮೆಲ್ಬರ್ನ್‌ನ ಕಿಂಗ್ ಗಿಝರ್ಡ್ ಆಂಡ್ ದ ಲಿಝರ್ಡ್ ವಿಝರ್ಡ್ ಬ್ಯಾಂಡಿನ 2016ರ ‘ನೊನಾಗನ್ ಇನ್ಫಿನಿಟಿ’ ಇನ್ನೂ ಕಠಿಣ ಪರೀಕ್ಷೆ. ಒಂಬತ್ತು ಹಾಡುಗಳೂ ಒಂದಕ್ಕೊಂದು ಹೊಂದಿಕೊಂಡು ಹರಿಯುತ್ತವೆ, ಕೊನೆಯದರ ಬಾಲ ಮೊದಲನೆಯದರ ತಲೆಗೆ ಕೂಡುತ್ತದೆ. ಮುಗಿಯದ ವೃತ್ತವೊಂದನ್ನು ಬ್ಯಾಂಡು ಕಟ್ಟಿದೆ. ರೆಕಾರ್ಡಿನಲ್ಲಿ ಆ ವೃತ್ತ ಎರಡು ಕಡೆ ಮುರಿಯುತ್ತದೆ. ನನ್ನ ಸಿಡಿ ಪ್ಲೇಯರ್ ಒಳಗಿನ ಎಲ್ಲ ಸಂಧಿಗಳನ್ನೂ ಚೆನ್ನಾಗಿ ದಾಟಿ, ಕೊನೆಯಿಂದ ಮೊದಲಿಗೆ ಮರಳುವಾಗ ಮಾತ್ರ ಕ್ಷಣಕಾಲ ತಡವರಿಸುತ್ತದೆ. ಧ್ವನಿಯ ಯಾವ ಅಂಶವನ್ನೂ ಬಿಡದೆ ಕಾಯ್ದಿಡುವ ಫ್ಲ್ಯಾಕ್ ಕಡತಗಳನ್ನು ವಿರಾಮವಿಲ್ಲದೆ ಜೋಡಿಸಿ ನುಡಿಸುವ ಪ್ಲೇಯರಿನಲ್ಲಿ ಮರುಕಳಿಕೆ ಹಾಕಿದಾಗಲೇ ಆ ಆಲ್ಬಂ ಅದರ ಕರ್ತರು ಕಂಡ ರೂಪದಲ್ಲಿ ಕೇಳಿಸಿತು.

ಹಾಗಾದರೆ ರೆಕಾರ್ಡ್ ಚೆನ್ನಾಗಿ ಕೇಳಿಸುತ್ತದೆ ಎನ್ನುವವರ ಮಾತು ಸುಳ್ಳೇ? ಅಲ್ಲ. ಅನೇಕ ಆಲ್ಬಮುಗಳ ಡಿಜಿಟಲ್ ರೂಪವನ್ನು ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಧ್ವನಿಯನ್ನು ಕೊನೆಯದಾಗಿ ಹದಗೊಳಿಸುವ ಕೆಲಸ) ಮಾಡುವಾಗ ಜೋರಾಗಲೆಂದು ಹಿಂಡಿಬಿಡುತ್ತಾರೆ. ಮೆಲುದನಿಗೂ ಆರ್ಭಟಕ್ಕೂ ನಡುವಿನ ಅಂತರ ಇಂಗಿಹೋಗುತ್ತದೆ, ಏರಿ ಬರುವ ಹಾಡಿಗೆ ಏರಲು ಜಾಗವೇ ಉಳಿಯುವುದಿಲ್ಲ. ರೆಕಾರ್ಡಿಗೆಂದೇ ಬೇರೆ ಮಾಸ್ಟರ್ ಮಾಡಿದ್ದರೆ ಅಲ್ಲಿ ಆ ಉಸಿರಾಟ ಉಳಿದಿರುತ್ತದೆ. ಅದು ಮಾಸ್ಟರಿಂಗಿನ ಗುಣವೇ ಹೊರತು ಪ್ಲಾಸ್ಟಿಕ್ಕಿನದಲ್ಲ. ಹಿಂಡಿದ ಅದೇ ಮಾಸ್ಟರನ್ನು ರೆಕಾರ್ಡಿಗೂ ಕೊರೆದಿದ್ದರೆ ಎರಡರ ಕೊರತೆಗಳೂ ಒಟ್ಟಿಗೆ ಸಿಗುತ್ತವೆ. ಆಲ್ಬಮಿನ ವಿವರಗಳಲ್ಲಿ ವಿನೈಲ್ (ಎಂದರೆ ರೆಕಾರ್ಡಿನ) ಮಾಸ್ಟರಿಂಗ್ ಯಾರದೆಂದು ಪ್ರತ್ಯೇಕವಾಗಿ ಬರೆದಿದೆಯೇ ಎಂದು ನಾನು ಮೊದಲು ನೋಡುತ್ತೇನೆ.

ಕ್ಯಾಸೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಲವೇ ಪ್ರತಿಗಳನ್ನು ಮಾಡಿಸಿದರೂ ಸಣ್ಣ ಬ್ಯಾಂಡಿಗೆ ಖರ್ಚು ಹೊರೆಯಾಗದು, ಅದು ಒಳ್ಳೆಯದೇ. ಟೇಪು ಹಿಸ್ ಎನ್ನುತ್ತದೆ, ಜೋರು ಸಿಂಬಲ್‌ಗಳನ್ನು ಮೊಂಡು ಮಾಡುತ್ತದೆ. ಬೇಕೆಂದೇ ಒರಟಾಗಿ, ಒಂದೇ ಕೋಣೆಯಲ್ಲಿ ಕೂತು ಧ್ವನಿಮುದ್ರಿಸಿದ ಫಝ್ ಸಂಗೀತಕ್ಕೆ ಅದು ಹೊಂದುತ್ತದೆ. ಪದರ ಪದರವಾಗಿ ಕಟ್ಟಿದ ಆಲ್ಬಮುಗಳಿಗೆ ಖಂಡಿತ ಬೇಡ.

ಸ್ಟ್ರೀಮಿಂಗ್‌ನಲ್ಲಿ ಧ್ವನಿಯ ಗುಣಮಟ್ಟವೇ ದೊಡ್ಡ ಕೊರತೆಯೆಂದು ನಾನು ದೂರುವುದಿಲ್ಲ. 320 ಕೆಬಿಪಿಎಸ್‌ನ (ಸೆಕೆಂಡಿಗೆ 320 ಕಿಲೋಬಿಟ್) ಪ್ರತಿಗೂ ಫ್ಲ್ಯಾಕ್‌ಗೂ ವ್ಯತ್ಯಾಸ ನನ್ನ ಕಿವಿಗೆ ಸಿಕ್ಕಿಲ್ಲ. 128ಕ್ಕೆ ಇಳಿದರೆ ಸಿಂಬಲ್‌ಗಳು ನೀರು ನೀರಾಗುತ್ತವೆ, ಅಷ್ಟೇ. ಧ್ವನಿ ಹಾಳಾಗುವುದು ಫೋನಿನ ಪುಟ್ಟ ಸ್ಪೀಕರಿನಲ್ಲಿ. ಫಝ್ ಅಲೆಯ ತಲೆಯನ್ನು ಕತ್ತರಿಸಿ, ಮೂಲಸ್ವರದ ಮೇಲೆ ಹತ್ತಾರು ಉಪಸ್ವರಗಳನ್ನು ಹುಟ್ಟಿಸುತ್ತದೆ. ಆ ಸ್ಪೀಕರಿನಿಂದ ಹೊರಬರುವುದು ಉಪಸ್ವರಗಳು ಮಾತ್ರ, ಅವುಗಳಿಂದ ಮಿದುಳು ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ರಿಫ್ ಯಾವುದೆಂದು ತಿಳಿಯುತ್ತದೆ, ಅದರ ತೂಕ ತಿಳಿಯುವುದಿಲ್ಲ. ಹೊಸ ಬ್ಯಾಂಡೊಂದನ್ನು ಫೋನಿನಲ್ಲಿ ಕೇಳಿ ತಳ್ಳಿಹಾಕಬೇಡಿ; ಸಾಧಾರಣ ಹೆಡ್‌ಫೋನ್ ಆದರೂ ಹಾಕಿಕೊಳ್ಳಿ.

ನನ್ನ ನಿಜವಾದ ತಕರಾರು ಲೆಕ್ಕದ್ದು. ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡ್ ಕೇಳಿದರೆ ಸಂಭಾವನೆಗೆ ಒಂದು ಎಣಿಕೆ. ಎರಡು ನಿಮಿಷದ ಹಾಡಿಗೂ ಹದಿನೆಂಟು ನಿಮಿಷದ ಹಾಡಿಗೂ ಅದೇ ಒಂದು. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ಸಂಭಾವನೆಯೇ ಇಲ್ಲ. ಒಂದು ಆಲ್ಬಮಿನಲ್ಲಿ ನಾಲ್ಕೇ ನೀಳ ಹಾಡುಗಳನ್ನು ಇಡುವ ಬ್ಯಾಂಡನ್ನು ಈ ಲೆಕ್ಕ ನೇರವಾಗಿ ಹೊಡೆಯುತ್ತದೆ. ಬ್ಯಾಂಡುಗಳು ಕೇಳುಗರಿಗೆ ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಕಡತ ಕೊಂಡರೆ ತಾಣ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಶೇ 15, ವಸ್ತುರೂಪದ ಮಾರಾಟದಲ್ಲಿ ಶೇ 10. ಹಣ ವರ್ಗಾವಣೆಯ ಶುಲ್ಕ ಬೇರೆ. ಉಳಿದದ್ದು ಬ್ಯಾಂಡಿಗೋ ಅದರ ಲೇಬಲ್‌ಗೋ (ಆಲ್ಬಂ ಹೊರತರುವ ಕಂಪನಿಗೋ) ಸೇರುತ್ತದೆ.

ಆದ್ದರಿಂದ ಹೊಸ ಆಲ್ಬಂ ಬಂದರೆ ನನ್ನ ಕ್ರಮ ಹೀಗೆ. ಸ್ಟ್ರೀಮಿಂಗ್‌ನಲ್ಲಿ ಒಮ್ಮೆ, ಹೆಡ್‌ಫೋನಿನಲ್ಲಿ ಪೂರ್ತಿ ಕೇಳುತ್ತೇನೆ. ಹಿಡಿಸಿದರೆ ಫ್ಲ್ಯಾಕ್ ಕಡತವನ್ನೋ ಸಿಡಿಯನ್ನೋ ಬ್ಯಾಂಡಿನಿಂದಲೇ ಕೊಳ್ಳುತ್ತೇನೆ. ಹಾಡುಗಳು ಬದಿಯ ಮಿತಿಯನ್ನು ಅರಿತು ಕಟ್ಟಿದವಾಗಿದ್ದು, ಮಾಸ್ಟರ್ ಬೇರೆಯದಾಗಿದ್ದರೆ ರೆಕಾರ್ಡ್. ಬ್ಯಾಂಡ್‌ಕ್ಯಾಂಪ್‌ನಲ್ಲಿ ರೆಕಾರ್ಡ್ ಕೊಂಡವರಿಗೆ ಸಾಮಾನ್ಯವಾಗಿ ಕಡತವೂ ಜೊತೆಗೆ ಸಿಗುತ್ತದೆ. ಮುಂಗಡ ಕಾಯ್ದಿರಿಸಿದ ರೆಕಾರ್ಡ್ ಕಾರ್ಖಾನೆಯಿಂದ ಬರಲು ತಿಂಗಳುಗಳೇ ಹಿಡಿಯಬಹುದು. ಆಲ್ಬಂ ಬಿಡುಗಡೆಯಾದ ದಿನವೇ ಕಡತವನ್ನು ಇಳಿಸಿಕೊಂಡು ಕೇಳಲು ಶುರುಮಾಡಬಹುದು.